ಪ್ರಾಂಪ್ಟರ್ ಬಾಯಿ ಮುಚ್ಚಿದ ದಿನ

ಬನಿಯಾಸ್, ಅಬುಧಾಬಿ
ಆದಿತ್ಯವಾರ, 9 ಫೆಬ್ರವರಿ 2025

ಪ್ರೀತಿಯ ಮಗ ಹರ್ಷಿತನಿಗೆ,

ನಿನ್ನ ಪಪ್ಪ ಸೇಸಪ್ಪ ಗಂಟಲೆತ್ತಿ ಮಾಡುವ ಆಶೀರ್ವಾದಗಳು. ಕಾಗದಕ್ಕೆ ಶಬ್ದವಿಲ್ಲ, ಕಿವಿ ಮುಚ್ಚಿಕೊಳ್ಳಬೇಡ. ಆರೋಗ್ಯ ಹೇಗುಂಟು? ಅಬರ್ಡೀನಿನ ಚಳಿಗೆ ಹಿಡಿದ ಶೀತ ಇಳಿಯಿತೇ, ಇನ್ನೂ ಮೂಗಿನಲ್ಲೇ ಮಾತಾಡುತ್ತೀಯೇ? ಅಮ್ಮ ಕೊಟ್ಟ ಕಾಳುಮೆಣಸಿನ ಪುಡಿ ಮುಗಿದಿದ್ದರೆ ತಿಳಿಸು. ಸಮುದ್ರದ ನಡುವಿನ ಎಣ್ಣೆಬಾವಿಯ ರಿಗ್ಗಿಗೆ ಹೆಲಿಕಾಪ್ಟರಿನಲ್ಲಿ ಹಾರುವಾಗ ಆ ದಪ್ಪ ರಬ್ಬರ್ ಅಂಗಿಯನ್ನು ಕುತ್ತಿಗೆಯವರೆಗೂ ಎಳೆದುಕೋ, ಸೆಕೆಯಾಗುತ್ತದೆಂದು ಬಿಚ್ಚಿಡಬೇಡ. ಇಲ್ಲಿ ನಿನ್ನಮ್ಮ ಪ್ರಫುಲ್ಲಾಳ ಮೊಣಕಾಲು ನೋವು ಎಂದಿನಂತೆ, ನಾಲಗೆಯ ಚುರುಕೂ ಎಂದಿನಂತೆ. ನಿನ್ನ ಹೆಂಡತಿ ಹಿತಾ ಎಲೆಕ್ಟ್ರಾ ಸ್ಟ್ರೀಟಿನ ಆಫೀಸಿಗೆ ಬೆಳಿಗ್ಗೆ ಆರೂವರೆಗೇ ಹೊರಡುತ್ತಾಳೆ. ನಿಮ್ಮ ಮಗಳು ತೃಷಾ ಬಾಗಿಲಿಗೆ ತಲೆ ತಾಗುವಷ್ಟು ಬೆಳೆಯುತ್ತಿದ್ದಾಳೆ. ನೀನು ಬಿಟ್ಟುಹೋದ ಎಂಟು ತಿಂಗಳಲ್ಲಿ ಮೂರು ಜೊತೆ ಬೂಟು ಸಣ್ಣದಾಯಿತು.

ಫೋನಿರುವಾಗ ಈ ಮುದುಕನಿಗೆ ಕಾಗದದ ಚಟವೇಕೆ ಎನ್ನುತ್ತೀಯಾ? ಫೋನಿನಲ್ಲಿ ನಾನು 'ಹಲೋ' ಎಂದರೆ ಸಾಕು, 'ಪಪ್ಪಾ, ಮೆಲ್ಲ ಮಾರಾಯ್ರೆ, ಕಿವಿ ಒಡೀತದೆ' ಅಂತೀಯ. ಹೋದ ತಿಂಗಳು ತೃಷಾಳ ಫುಟ್‌ಬಾಲಿನ ವಿಷಯ ತೆಗೆದಾಗ ನನ್ನ ಪೀಠಿಕೆ ಮುಗಿಯುವ ಮೊದಲೇ ನೀನು ಪರದೆ ಎಳೆದುಬಿಟ್ಟೆ. 'ಬೇಡ ಪಪ್ಪಾ. ಅದು ಅವಳ ಆಸೆ ಅಲ್ಲ, ನಿಮ್ಮದು. ನಂಗೆ ಮಾಡಿದ್ದನ್ನೇ ಅವಳಿಗೂ ಮಾಡ್ತಾ ಇದ್ದೀರಿ.' ನೀನು ಟಕ್ಕೆಂದು ಫೋನು ಇಟ್ಟೆ. ನಾನು ಎರಡು ದಿನ ಗುರ್ ಎನ್ನುತ್ತ ತಿರುಗಿದೆ. ನಾನೇನು ಮಾಡಿದೆ ಇವನಿಗೆ? ಉತ್ತರ ನಿನ್ನೆ ಮಧ್ಯಾಹ್ನ ಸಿಕ್ಕಿತು, ಅದೂ ಮೈದಾನದ ಬಿಸಿಲಿನಲ್ಲಿ. ಆದರೆ ನಾಟಕದವನು ನಾನು, ಕೊನೆಯ ದೃಶ್ಯವನ್ನು ಮೊದಲೇ ಹೇಳುವುದಿಲ್ಲ.

ಮೊದಲ ದೃಶ್ಯ! ರಂಗದ ಮೇಲೆ ಬಿಳಿ ಕೂದಲಿನ, ಕಡ್ಡಿಯಂಥ, ಕೆಂಪು ಮೂಗಿನ ಒಬ್ಬ ಹೆಂಗಸಿನ ಪ್ರವೇಶ. ಹೆಸರು ಮೊರಾಗ್. ಇಂಗ್ಲೆಂಡಿನ ಒಂದು ಕ್ಲಬ್ಬಿಗೆ ಸ್ಕಾಟ್ಲೆಂಡಿನ ಮಕ್ಕಳನ್ನು ಹುಡುಕಿಕೊಡುವುದು ಅವಳ ಕೆಲಸ. ನಿನ್ನಮ್ಮ ಹೆಸರು ಕೇಳಿದ್ದೇ, 'ಮೊರವಾ? ಸರಿಯೇ ಉಂಟು, ಮಕ್ಕಳನ್ನು ಕೇರಿ ಕೇರಿ ನೋಡುವವಳಲ್ವಾ' ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳು ಮೊರದಮ್ಮ. ಹೊರದೇಶದ ಮಕ್ಕಳನ್ನು ಇಂಗ್ಲೆಂಡಿನ ಕ್ಲಬ್ಬುಗಳು ಹದಿನೆಂಟು ತುಂಬುವ ತನಕ ಮುಟ್ಟುವಂತಿಲ್ಲವಂತೆ. ಸ್ಕಾಟ್ಲೆಂಡಿನವರಾದರೆ ಹದಿನಾರಕ್ಕೇ ಕರೆಯಬಹುದಂತೆ. ಹಾಗಾಗಿ ಆ ಕಡೆ ಎಲ್ಲರ ಕಣ್ಣು. ನಿನ್ನ ಹಾಗೆ ಎಣ್ಣೆಯ ಕೆಲಸದವರು ಅಬರ್ಡೀನಿನಿಂದ ಅಬುಧಾಬಿಗೆ, ಅಬುಧಾಬಿಯಿಂದ ಅಬರ್ಡೀನಿಗೆ ಓಡಾಡುತ್ತಲೇ ಇರುತ್ತಾರಲ್ಲ, ಅವರ ಮಕ್ಕಳನ್ನು ನೋಡಲು ಚಳಿಗಾಲದಲ್ಲಿ ಮೊರದಮ್ಮ ಇಲ್ಲಿಗೂ ಬರುತ್ತಾಳೆ. ಅವಳ ಪಟ್ಟಿಯಲ್ಲಿ 'ತೃಷಾ, ಗೋಲ್‌ಕೀಪರ್, ಜನನ ಅಬರ್ಡೀನ್' ಎಂದಿತ್ತು. ಪಾಪ, ಮೈದಾನವಿಡೀ ಕೆಂಚು ಕೂದಲಿನ ಹುಡುಗಿಯನ್ನು ಹುಡುಕಿದಳು. ಕಡೆಗೆ ನೋಡಿದರೆ ತೆಂಗಿನೆಣ್ಣೆ ಹಾಕಿ ಎರಡು ಜಡೆ ಕಟ್ಟಿದ ನಮ್ಮ ಕಪ್ಪು ಚೆಲುವೆ! ಮೊರದಮ್ಮ ನಕ್ಕ ನಗು ಹಿಂದಿನ ಸಾಲಿನವರೆಗೂ ಕೇಳಿಸಿತು. ಅವಳ ಇಂಗ್ಲಿಷೋ, ಘಟ್ಟದ ಮೇಲಿನವರ ಕಿವಿಗೆ ಕುಂದಾಪುರದ ಮಾತು ಬಿದ್ದ ಹಾಗೆ. ಗೊತ್ತಿರುವ ಭಾಷೆಯೇ, ಒಂದು ಅಕ್ಷರ ಕೈಗೆ ಸಿಗುವುದಿಲ್ಲ.

ನಾನು ಎಲ್ಲಿ ನಿಲ್ಲುತ್ತೇನೆಂದು ನಿನಗೆ ಗೊತ್ತು. ಮೂರು ವರ್ಷದಿಂದ ಗೋಲಿನ ಬಲೆಯ ಹಿಂದೆ, ಬಲಗಡೆ. ನಮ್ಮಪ್ಪನ ಟೆಂಟ್ ನಾಟಕದ ಕಂಪೆನಿಯಲ್ಲಿ ಪ್ರಾಂಪ್ಟರ್ ನಿಲ್ಲುತ್ತಿದ್ದದ್ದೂ ಅದೇ ಕಡೆ, ಸೈಡ್‌ವಿಂಗಿನ ಮರೆಯಲ್ಲಿ, ಮಾತು ಮರೆತ ನಟನಿಗೆ ಮಾತು ದಾಟಿಸಲು. ವೇಷದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು ನಾನು, ಮರೆಯಲ್ಲಿ ನಿಂತು ಬಾಯಿ ಬಿಡದೆ ಇರುವುದು ಹೇಗೆ? 'ಮುಂದೆ ಬಾ! ಎಡಕ್ಕೆ! ಕೂತ್ಕೋ! ಹಾರು!' ಮೊರದಮ್ಮ ಬಂದ ದಿನವೂ ಅಷ್ಟೇ, ತೊಂಬತ್ತು ನಿಮಿಷ ಅಬ್ಬರಿಸಿದೆ. ನಮ್ಮ ಹುಡುಗಿಯರು ಗೆದ್ದರು. ಆಟ ಮುಗಿದ ಮೇಲೆ ಮೊರದಮ್ಮ ನೇರ ನನ್ನ ಬಳಿಗೆ ಬಂದು ಕೈಕುಲುಕಿ ಏನೋ ಒಂದು ವಾಕ್ಯ ಹೇಳಿದಳು. ಅದರಲ್ಲಿ 'ಯು' ಎಂಬುದೂ 'ಕೀಪರ್' ಎಂಬುದೂ ಕೇಳಿಸಿತು. ಮೊಮ್ಮಗಳ ವಿದ್ಯೆಗೆ ಗುರು ನೀವೇ ಎಂದಿದ್ದಾಳೆಂದು ತಿಳಿದು, ಎದೆಯ ಮೇಲೆ ಕೈಯಿಟ್ಟು, ಪರದೆಯ ಮುಂದೆ ಬಾಗುವ ಹಾಗೆ ಮೂರು ಸಲ ಬಾಗಿದೆ ಮಾರಾಯ! ಕಾರಿನಲ್ಲಿ ಹಿತಾ ಅರ್ಥ ಬಿಡಿಸಿದಳು: 'ಮಾವ, ಅವರು ಕೇಳಿದ್ದು, ಗೋಲ್ ಕಾಯೋದು ಯಾರು, ನೀವಾ ಅವಳಾ ಅಂತ.'

ಹಿಂದಿನ ಸೀಟಿನಲ್ಲಿ ನಿನ್ನಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತೃಷಾ ನಗಲಿಲ್ಲ. ಮೊರದಮ್ಮ ಇನ್ನೊಂದೇ ಆಟ ನೋಡುತ್ತಾಳೆ, ಅದರಲ್ಲಿ ಮನೆಯವರು ಯಾರೂ ತುಟಿ ಬಿಚ್ಚಬಾರದು, ಮುಖ್ಯವಾಗಿ ಅಜ್ಜ, ಎಂದು ಮೊರದಮ್ಮ ಹಾಕಿದ ಕರಾರು ಹೊತ್ತು ಕೂತಿದ್ದಳು ಮಗು. ಮನೆಗೆ ಬಂದ ಮೇಲೆ ನನ್ನ ಪಕ್ಕ ಬಂದು, 'ಅಜ್ಜ, ಪ್ಲೀಸ್, ಜಸ್ಟ್ ಒನ್ ಮ್ಯಾಚ್' ಎಂದಳು. ನನಗೆ ರೇಗಿತು. ನಾನು ಹೇಳಿಕೊಡದಿದ್ದರೆ ಚೆಂಡು ನಿನ್ನನ್ನು ಕೇಳಿ ಒಳಗೆ ಬರುತ್ತದಾ ಎಂದೆ. ಆಗ ಅವಳು ಇಂಗ್ಲಿಷು ಬಿಟ್ಟು ನಮ್ಮ ಮಾತಿಗೆ ಇಳಿದಳು: 'ನೀವು ಹೇಳುವ ಮೊದ್ಲೇ ನಂಗೆ ಗೊತ್ತಿರ್ತದೆ ಅಜ್ಜ.' ಈ ಮಾತನ್ನು ಬೇರೆ ಸ್ವರದಲ್ಲಿ, ಬೇರೆ ಕಾಲದಲ್ಲಿ ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲೆಂದು ಹೊಳೆಯಲಿಲ್ಲ.

ಎರಡನೆಯ ದೃಶ್ಯ, ನಿನ್ನೆ ಶನಿವಾರ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ನಾನು ಇಪ್ಪತ್ತೇಳು ವರ್ಷ ಸ್ಟೋರ್‌ಕೀಪರ್ ಆಗಿದ್ದ ಗೋದಾಮಿನ ಹಿಂದಿನ ರಸ್ತೆಯ ಮೈದಾನ. ನಮ್ಮ ಹಳೆಯ ಡ್ರೈವರ್ ನೌಶಾದ್ ವಿಷಯ ತಿಳಿದು ನೋಡಲು ಬಂದಿದ್ದ. ನಾಟಕಕ್ಕೆ ಮೊದಲು ಗಂಟಲಿಗೆಂದು ಇಟ್ಟುಕೊಳ್ಳುವ ಕಲ್ಲುಸಕ್ಕರೆಯ ಪೊಟ್ಟಣ ಕಿಸೆಯಲ್ಲಿತ್ತು. ದೊಡ್ಡದೊಂದು ಹರಳು ಬಾಯಿಗೆ ಹಾಕಿ, ತೃಷಾಳ ಗೋಲಿನಿಂದ ದೂರ, ಎದುರುಗಡೆಯ ಬೆಂಚಿನ ಮೇಲೆ ಕೂತೆ. ಹತ್ತನೆಯ ನಿಮಿಷಕ್ಕೆ ಚೆಂಡು ಬಲೆಯೊಳಗೆ! ಅವಳು ತಿರುಗಿ ನೋಡಿದ್ದು ಎಲ್ಲಿಗೆ ಗೊತ್ತೇ? ಬಲೆಯ ಹಿಂದೆ, ಬಲಗಡೆ, ನಾನು ಇಲ್ಲದ ಜಾಗಕ್ಕೆ. ಎದ್ದು ನಿಂತೆ. ನೌಶಾದ್ ಅಂಗಿ ಹಿಡಿದು ಎಳೆದ: 'ಕೂತ್ಕೊಳ್ಳಿ ಸೇಸಣ್ಣ. ಬ್ಯಾಟರಿ ಖಲಾಸ್ ಅಂತ ತಿಳ್ಕೊಳ್ಳಿ.' ಕೂತೆ. ಇನ್ನೊಂದು ಹರಳು. ಮತ್ತೆರಡು ಸಲ ಅವಳ ಕಣ್ಣು ಆ ಕಡೆಗೆ ಹೋಯಿತು. ಆಮೇಲೆ ಹೋಗಲಿಲ್ಲ.

ಆಮೇಲೆ, ಮಗ, ಮೈದಾನದ ಒಳಗಿನಿಂದ ನನ್ನ ಸ್ವರ ಕೇಳಿಸಿತು! ನನ್ನದೇ ಅಬ್ಬರ, ನನ್ನದೇ ಎಳೆತ, ಆದರೆ ಹುಡುಗಿಯ ಗಂಟಲು. 'ಯಲ್ಲಾ, ಅಪ್! ಲೆಫ್ಟ್, ಲೆಫ್ಟ್! ಪಿರ ಪೋ!' ಅರಬ್ಬೀಯಲ್ಲಿ 'ಯಲ್ಲಾ' ಎಂದರೆ ಎಲ್ಲರೂ ನಡೆಯುವುದು ಸರಿ, ತುಳುವಿನಲ್ಲಿ ಹಿಂದೆ ಹೋಗೆಂದು ಕೂಗಿದರೂ ಲೆಬನಾನಿನವಳೂ ಮಲಯಾಳಿಯೂ ಸ್ಕಾಟ್ಲೆಂಡಿನ ಮೂವರೂ ತಕ್ಷಣ ಹಿಂದೆ ಓಡಿದರು, ಹುಟ್ಟಿನಿಂದ ಉಡುಪಿಯಲ್ಲೇ ಇದ್ದವರ ಹಾಗೆ. ಗೋಲ್‌ಕೀಪರಿಗೆ ಎಲ್ಲರ ಬೆನ್ನೂ ಕಾಣುತ್ತದಲ್ಲ, ಯಾರು ಎಲ್ಲಿ ತಪ್ಪಿದರೆಂದು ಅವಳಿಗೇ ಗೊತ್ತು. ಆ ಮೈದಾನಕ್ಕೆ ಪ್ರಾಂಪ್ಟರ್ ಅವಳೇ. ಮೂರು ವರ್ಷ ನಾನು ಪ್ರಾಂಪ್ಟರಿಗೇ ಪ್ರಾಂಪ್ಟ್ ಮಾಡುತ್ತಿದ್ದೆ.

ದ್ವಿತೀಯಾರ್ಧ. ಒಂದಕ್ಕೆ ಒಂದು ಸಮ. ಕೆಂಪು ಅಂಗಿಯ ಹುಡುಗಿಯೊಬ್ಬಳು ಎಲ್ಲರನ್ನೂ ದಾಟಿ ಒಬ್ಬಳೇ ಚೆಂಡಿನೊಂದಿಗೆ ನುಗ್ಗಿ ಬಂದಳು. ಇಂಥ ಹೊತ್ತಿನಲ್ಲಿ ನನ್ನ ಮಾತು ಒಂದೇ: 'ಮುಂದೆ ಬಾ!' ಮಾತು ಗಂಟಲವರೆಗೆ ಬಂತು, ಹಲ್ಲಿನ ನಡುವೆ ಕಲ್ಲುಸಕ್ಕರೆ ಕಟ್ಟೆಂದು ಒಡೆಯಿತು. ತೃಷಾ ಮುಂದೆ ಬರಲಿಲ್ಲ. ನಿಂತಳು. ಸುಮ್ಮನೆ, ಎರಡು ಕೈ ಅಗಲಿಸಿ, ಮಾತು ಮರೆತವಳ ಹಾಗೆ ನಿಂತಳು. ಅಯ್ಯೋ, ಮರೆತಳಲ್ಲ ಎಂದು ನಾನು ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಆ ಕೆಂಪು ಅಂಗಿಯವಳೇ ಗಲಿಬಿಲಿಯಾದಳು. ಕೀಪರ್ ಮುಂದೆ ಬಂದರೆ ತಲೆಯ ಮೇಲಿಂದ ದಾಟಿಸಲು ಕಾಯುತ್ತಿದ್ದಳು, ಇವಳು ಬರುವುದೇ ಇಲ್ಲ! ಕಡೆಗೆ ಒದ್ದೇ ಒದ್ದಳು, ನೇರ ನಮ್ಮ ಹುಡುಗಿಯ ಎದೆಗೆ. ಮಗುವನ್ನು ಎತ್ತಿಕೊಂಡ ಹಾಗೆ ಚೆಂಡನ್ನು ಅಪ್ಪಿಕೊಂಡಳು. ನಾನು ಕೂಗಿದ್ದರೆ ಅದು ಗೋಲು.

ಆ ಕ್ಷಣದಲ್ಲಿ ನನಗೆ ನೀನು ಕಂಡೆ, ಹರ್ಷಿತ. ನಾಲ್ಕನೆಯ ಕ್ಲಾಸಿನ ಶಾಲಾ ವಾರ್ಷಿಕೋತ್ಸವ. ನಿನ್ನದು ದೂತನ ಪಾತ್ರ, ಒಂದೇ ಮಾತು: 'ಪ್ರಭೂ, ವೈರಿಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ!' ನೀನು ಓಡಿ ಬಂದು, ರಾಜನ ಮುಂದೆ ನಿಂತು, ಬಾಯಿ ತೆರೆದು ಸುಮ್ಮನಾದೆ. ನಾನು ಸೈಡ್‌ವಿಂಗಿನಿಂದ ಇಡೀ ಊರಿಗೆ ಕೇಳುವಂತೆ ಆ ಮಾತನ್ನು ಗುಡುಗಿದೆ. ಸಭೆಗೆ ಸಭೆಯೇ ನಕ್ಕಿತು. ನೀನು ಮತ್ತೆಂದೂ ರಂಗ ಹತ್ತಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದ್ದೆ: 'ನಂಗೆ ಮಾತು ನೆನಪಿತ್ತು ಪಪ್ಪಾ. ಓಡಿ ಬಂದ ದೂತ ಏದುಸಿರು ಬಿಡ್ಬೇಕು ಅಂತ ನೀವೇ ಹೇಳಿದ್ದಲ್ವಾ, ಅದಕ್ಕೆ ನಿಂತದ್ದು.' ನಾನು ನಂಬಲಿಲ್ಲ. ನೆಪ ಹೇಳ್ಬೇಡ ಎಂದು ಗದರಿಸಿದೆ. ಇಡೀ ನಾಟಕದಲ್ಲಿ ನಿಜವಾಗಿ ನಟಿಸಿದವನು ನೀನೊಬ್ಬನೇ ಮಗ, ಆ ಏದುಸಿರು ನನ್ನ ಕಿವಿಗೆ ಬೀಳಲು ಮೂವತ್ತೆರಡು ವರ್ಷ ಹಿಡಿಯಿತು. ತಪ್ಪು ನನ್ನದು. ಈ ಒಂದು ಮಾತನ್ನು ಮಾತ್ರ ನಾನು ಮೆಲ್ಲಗೆ ಹೇಳುತ್ತಿದ್ದೇನೆ ಎಂದು ತಿಳಿದು ಓದು.

ಆಟ ಎರಡಕ್ಕೆ ಒಂದರಲ್ಲಿ ಗೆದ್ದೆವು. ಮೊರದಮ್ಮ ಪುಸ್ತಕದಲ್ಲಿ 'ಪಿರಪೋ' ಎಂದು ಬರೆದುಕೊಂಡು, ಇದು ಅರಬ್ಬೀಯಾ ಎಂದು ಹಿತಾಳನ್ನು ಕೇಳಿದಳು. ಆಮೇಲೆ ಅವಳು ಹೇಳಿದ್ದು, ಹಿತಾ ನನಗೆ ಅನುವಾದಿಸಿದ್ದು ಇದು: 'ಹಾರುವುದನ್ನು ನಾವು ಆರು ತಿಂಗಳಲ್ಲಿ ಕಲಿಸಿಯೇವು. ಆ ನಿಲ್ಲುವುದನ್ನು ಈ ಹುಡುಗಿ ಎಲ್ಲಿ ಕಲಿತಳು?' ನನ್ನ ಬಾಯಲ್ಲಿ ಕಲ್ಲುಸಕ್ಕರೆ ಇತ್ತು, ಪುಣ್ಯಕ್ಕೆ. ಇಲ್ಲದಿದ್ದರೆ 'ನನ್ನಿಂದ' ಎಂದುಬಿಡುತ್ತಿದ್ದೆ. ಆ ಉತ್ತರ ನಿನ್ನದು.

ಮೊರದಮ್ಮ ಸುಳ್ಳು ಆಸೆ ಹುಟ್ಟಿಸುವ ಹೆಂಗಸಲ್ಲ. ಹತ್ತು ಮಕ್ಕಳನ್ನು ಕರೆದರೆ ಕಡೆಗೆ ಉಳಿಯುವುದು ಒಬ್ಬಳೋ ಇಲ್ಲವೋ, ಹದಿನೈದಕ್ಕೆ ಜೊಳ್ಳು ಎಂದು ಬಿಟ್ಟವರು ಹದಿನೆಂಟಕ್ಕೆ ಗಟ್ಟಿ ಕಾಳಾಗಿ ಬಂದದ್ದೂ ಉಂಟು ಎಂದಳು. ಎಪ್ರಿಲ್ ರಜೆಯಲ್ಲಿ ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಐದು ದಿನದ ಪರೀಕ್ಷಾ ಶಿಬಿರ. ಅಲ್ಲಿ ಒಪ್ಪಿಗೆಯಾದರೆ ಜೂನಿನಲ್ಲಿ ತೃಷಾ ಅಬರ್ಡೀನಿಗೆ, ನಿನ್ನ ಮನೆಗೆ ಬರಬೇಕು. ಅಲ್ಲೇ ಶಾಲೆ, ಅಲ್ಲಿನ ಹುಡುಗಿಯರ ತಂಡದಲ್ಲಿ ಆಟ. ಅಕ್ಟೋಬರಿನಲ್ಲಿ ಹದಿನಾರು ತುಂಬಿದ ಮೇಲೆ ಇಂಗ್ಲೆಂಡಿನವರು ಮತ್ತೆ ನೋಡುತ್ತಾರೆ. ಹಿತಾಳೂ ಅಲ್ಲಿಗೆ ವರ್ಗ ಕೇಳುವ ಯೋಚನೆಯಲ್ಲಿದ್ದಾಳೆ, ಅದನ್ನು ಅವಳೇ ಹೇಳಲಿ. ಹೋಗುವುದಾದರೆ ಈ ಮನೆ ಸಪ್ಪಳವಿಲ್ಲದೆ ಉಳಿಯುತ್ತದೆಂದು ಯಾರೋ ಚಿಂತೆ ಮಾಡಿದರು. ನಿನ್ನಮ್ಮ, 'ಇವರು ಇದ್ದಾರಲ್ಲ, ಇನ್ನೆಂತ ಸಪ್ಪಳ ಬೇಕು' ಎಂದು ಮೀನು ತಿರುವಿ ಹಾಕಿದಳು. ಆದರೆ ತೃಷಾಳ ಹಳೆಯ ಗ್ಲೌಸು ತೊಳೆದು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ. ನಾನು ನೋಡಿಲ್ಲದ ಹಾಗೆ ಇದ್ದೇನೆ.

ಇಲ್ಲಿನ ನಮ್ಮ ಊರಿನವರ ಅಸೋಸಿಯೇಶನ್ನಿನ ತುಳು ನಾಟಕದ ತಾಲೀಮು ಮುಂದಿನ ವಾರದಿಂದ. ಈ ಸಲ ಪ್ರಾಂಪ್ಟರ್ ಬೇಡ ಎಂದು ನಾನೇ ಹೇಳಿದೆ. ಎಲ್ಲರೂ ನನಗೆ ಜ್ವರವೋ ಎಂದು ಹಣೆ ಮುಟ್ಟಿ ನೋಡಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋದ ಕಡೆಯೆಲ್ಲ ನಿನಗೆ ಒಳ್ಳೆಯದಾಗಲಿ, ಸಮುದ್ರ ಶಾಂತವಾಗಿರಲಿ, ಗಾಳಿ ಮೆಲ್ಲ ಬೀಸಲಿ. ಅಮ್ಮನ, ಹಿತಾಳ ಪ್ರೀತಿ ಇದರೊಳಗೆ ಮಡಚಿಟ್ಟಿದೆ.

ಸದಾ ನಿನ್ನ ಹಿತ ಬಯಸುವ, ಸದ್ಯಕ್ಕೆ ಸ್ವರ ತಗ್ಗಿಸಿದ,
ಪಪ್ಪ
ಸೇಸಪ್ಪ

ತಾ.ಕ.: ಹಿತಾಳ ಆಫೀಸಿನ ಸಿಸಿಲಿಯಾ ಗುರುವಾರ ಅಬರ್ಡೀನಿಗೆ ಹೊರಟಿದ್ದಾಳೆ, ಹಿತಾ ನಾಳೆ ಬೆಳಿಗ್ಗೆಯೇ ಅವಳ ಕೈಗೆ ಕೊಡುತ್ತಾಳಂತೆ, ಈಗಲೇ ಲಕೋಟೆ ಮುಚ್ಚಬೇಕು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಶಿಬಿರದ ಫಾರ್ಮು ಹಿಂದಿನ ಹಾಳೆಯಲ್ಲಿದೆ. ಫೋನಿಗೆ ಕಳಿಸಬಹುದಿತ್ತು, ನೀನು ಮೊದಲು ಕಾಗದ ಓದಲಿ ಎಂದು ನಾನೇ ತಡೆದೆ. ಹಿತಾ ಸಹಿ ಹಾಕಿದ್ದಾಳೆ, ತಂದೆಯ ಜಾಗ ಖಾಲಿಯಿದೆ. ಅದರ ಕೆಳಗೆ 'ನನಗೆ ಆಡಬೇಕು' ಎಂದು ವಕ್ರ ಕನ್ನಡದಲ್ಲಿ ಬರೆದದ್ದು ತೃಷಾ. ನಾನು ಹೇಳಿಕೊಟ್ಟದ್ದಲ್ಲ, ಕಾಗುಣಿತವೂ ಅಲ್ಲ. ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಹಾಕಿದರೆ ಎಪ್ರಿಲ್ ಏಳಕ್ಕೆ ರಜೆ ತೆಗೆದು, ರೈಲು ಹತ್ತಿ, ಅವಳ ಆಟ ನೋಡಲು ಹೋಗು. ಜೊತೆಗಿಟ್ಟ ಪೊಟ್ಟಣದಲ್ಲಿ ಕಲ್ಲುಸಕ್ಕರೆ ಉಂಟು. ಗೋಲಿನ ಮುಂದೆ ಅವಳು ಅಲುಗದೆ ನಿಂತುಬಿಟ್ಟರೆ, ಮರೆತಳು ಎಂದು ತಿಳಿಯಬೇಡ. ಒಂದು ಹರಳು ಬಾಯಿಗೆ ಹಾಕು.