ಅಳಿಯಂದಿರ ಹೊಸ ಭಾಷೆ

ಸೋಮವಾರ, ಊಟವಾದ ಮೇಲೆ

ನನ್ನ ಪುಟ್ಟಿಗೆ,

ಅಪ್ಪ ಮಾಡುವ ಆಶೀರ್ವಾದ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಗಂಡನ ಮೇಲೆ ನನಗೆ ಅನುಮಾನ. ಇಂಗ್ಲಿಷಿನಲ್ಲಿ ಹೇಳುವುದಾದರೆ ಸಸ್ಪಿಷನ್, ವಿತ್ ರೀಸನ್. ನೀನು ತರಬೇತಿಗೆ ಹೋದ ಮರುವಾರದಿಂದ ನಮ್ಮ ಮಡಕೆ ಸುಡುವ ಕರೆಂಟಿನ ಆವಿಗೆಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಾರೆ. ಅದನ್ನು ನಡೆಸಲು ನಿಮ್ಮಮ್ಮ ಫೋರ್ತ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಪ್ರೋಗ್ರಾಂ ಕಿತ್ತು, ಲುವಾ ಎಂಬುದರಲ್ಲಿ ಹೊಸದು ಬರೆದರು. ಅವಳು ತೀರಿಕೊಂಡ ಮೇಲೂ ಆ ಹಳೆಯದು ಒಂದು ದಿನ ಕೈಕೊಟ್ಟಿದ್ದುಂಟಾ?

ಫೋರ್ತ್ ನನಗೂ ಅಲ್ಪಸ್ವಲ್ಪ ಗೊತ್ತು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಲಿಸಿದ್ದಳು, ಕೊನೆಗೆ ಇಟ್ಟಿದ್ದೇ ಮೊದಲು ಕೈಗೆ ಬರುತ್ತದೆ ಎಂದು. ಮೊದಲು ಡಿಗ್ರಿ ಹೇಳು, ಆಮೇಲೆ ಏರಿಸು ಅನ್ನು. ಅದರಲ್ಲಿ ‘ಇಫ್’ನ ಜೊತೆಗಾರ ‘ದೆನ್’ ಬರುವುದು ಮಾತಿನ ಕಟ್ಟಕಡೆಗೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಂಡರೆ ಕೆಂಪು ಗೀಟು ಎಳೆಯುತ್ತಾರೆ ಅಂದಾಗ, ಅವರಿಗೆ ಆವಿಗೆ ಹೊತ್ತಿಸಲು ಬರುತ್ತದಾ ಎಂದಳು. ಫೋರ್ತ್ ಹೇಳಿದ್ದನ್ನು ಮಾಡುತ್ತದೆ, ತಿರುಗಿ ಪ್ರಶ್ನೆ ಹಾಕುವುದಿಲ್ಲ. ಮನೆಯಲ್ಲಿ ಅಂಥದ್ದು ಅದೊಂದೇ ಇತ್ತು.

ಲುವಾ ಓದಲು ಸಲೀಸು, ಒಪ್ಪುತ್ತೇನೆ. ಇಫ್, ದೆನ್, ಎಂಡ್, ಎಲ್ಲ ಇರಬೇಕಾದ ಜಾಗದಲ್ಲಿ. ಅದರಿಂದಲೇ ಸಂಶಯ. ಯಾರು ಬೇಕಾದರೂ ಓದಿ ನಡೆಸಬಹುದು ಅಂದರೆ, ನನ್ನನ್ನು ಆಚೆ ಕೂರಿಸಿ ಯಾರಿಗೆ ಬೇಕಾದರೂ ಮಾರಬಹುದು ಅಂತ ತಾನೆ? ಮೊನ್ನೆ ಒಬ್ಬ ಆಸಾಮಿ ಬಂದು ಆವಿಗೆಯ ಬಾಗಿಲು ಅಳೆದ. ಯಾರೆಂದು ಅಳಿಯಂದಿರನ್ನು ಕೇಳಿದರೆ, ಬಾಗಿಲಿಗೆ ಬೀಗ ಕೂರಿಸುವವನು ಮಾವ, ನೀವು ಹೋಗಿ ಮಲಗಿ ಅಂದರು. ಹಾಡಹಗಲಲ್ಲಿ ಮಲಗಬೇಕಂತೆ.

ಈಗ ಒಳಗಿನ ಬಿಸಿ ಇಳಿಯುವ ತನಕ ಆ ಲುವಾ ಬಾಗಿಲು ತೆಗೆಯಲು ಬಿಡುವುದೇ ಇಲ್ಲ. ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ನಿಮ್ಮತ್ತೆಯದು ಹೀಗೆ ಅಡ್ಡ ಬರುತ್ತಿರಲಿಲ್ಲ ಅಂದೆ. ಅತ್ತೆಯೇ ಪಕ್ಕದಲ್ಲಿ ನಿಂತಿರುತ್ತಿದ್ದರಲ್ಲ, ಪ್ರೋಗ್ರಾಂ ಯಾಕೆ ಅಡ್ಡ ಬರಬೇಕಿತ್ತು ಎಂದರು. ಉತ್ತರ ತೋಚದಂಥ ಮಾತಾಡುವವರನ್ನು ನಾನು ನಂಬುವುದಿಲ್ಲ.

ಬೇಗ ಬಂದು ವಿಚಾರಿಸು. ಆವಿಗೆಯ ಹತ್ತಿರ ಬಿಡದಿದ್ದರೆ ನಾನು ಈ ಮನೆಯಲ್ಲಿದ್ದು ಮಾಡುವುದೇನು?

ಇಂತಿ,
ಕಾವಲು ಕೂತಿರುವ ನಿನ್ನ ಅಪ್ಪ

ತಾ.ಕ.: ಅಕ್ಷರ ಸೊಟ್ಟಗಿವೆ ಎಂದು ಗಾಬರಿಯಾಗಬೇಡ, ಎಡಗೈಯಲ್ಲಿ ಬರೆದದ್ದು. ನೀನು ತರಬೇತಿಗೆ ಹೊರಟ ವಾರವೇ, ಆವಿಗೆ ಆರಿರಬಹುದೆಂದು ಬಾಗಿಲು ತೆಗೆದುಬಿಟ್ಟೆ. ಬಲಗೈಯ ಕಟ್ಟು ಇನ್ನೂ ಬಿಚ್ಚಿಲ್ಲ. ನಿನಗೆ ಹೇಳಕೂಡದೆಂದು ಅಳಿಯಂದಿರ ಹತ್ತಿರ ಭಾಷೆ ತೆಗೆದುಕೊಂಡಿದ್ದೆ. ಈವರೆಗೂ ಅವರು ಹೇಳಿಲ್ಲವಾದರೆ, ಮೇಲೆ ಬರೆದದ್ದರಲ್ಲಿ ಅರ್ಧ ಹೊಡೆದುಹಾಕು.