ಕೆಂಪು ಏಪ್ರನ್

ಮಾರ್ಚ್ ೪, ಮಂಗಳವಾರ

ಕೆಂಪು ಏಪ್ರನ್ ಮತ್ತೆ ದೊಡ್ಡಮ್ಮನ ಪಾಲಾಯಿತು. ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ತಿಂಗಳಲ್ಲಿ ಅತಿ ಹೆಚ್ಚು ಗಾಜಿನ ಲೋಟ ಒಡೆದವರು ಮರುತಿಂಗಳೆಲ್ಲ ಅದನ್ನು ತೊಡಬೇಕು. ವರ್ಷದಲ್ಲಿ ಎರಡನೇ ಸಲ ಬಂದರೆ ಕೆಲಸ ಹೋಯಿತು. ಒಡೆದದ್ದನ್ನು ಎಣಿಸುವವನು ನಾನು.

ಏಪ್ರನ್ ತೊಟ್ಟವರು ಆಮೇಲೆ ಕಡಿಮೆ ಒಡೆಯುತ್ತಾರೆ, ನಿಜ. ಆದರೆ ತೀರಾ ಕೆಟ್ಟ ತಿಂಗಳೊಂದು ಕಳೆದರೆ ಮುಂದಿನದು ಏಪ್ರನ್ ಇಲ್ಲದೆಯೂ ಸುಮಾರಾಗಿಯೇ ಇರುತ್ತದೆ. ಇದನ್ನು ತೋರಿಸಲೆಂದು ಮ್ಯಾನೇಜರನ ಮೇಜಿನ ಮೇಲೆ ಒಂದು ಹಿಡಿ ದಾಳ ಎಸೆದೆ. ಒಂದರ ಅಂಕಿ ಬಿದ್ದ ದಾಳವನ್ನು ಗದರಿಸಿ ಮತ್ತೆ ಎಸೆದೆ. ನಾಲ್ಕು ಬಿತ್ತು.

“ನೋಡಿದ್ರಾ? ಬೈದ್ರೆ ದಾಳನೂ ದಾರಿಗೆ ಬರುತ್ತೆ. ದಂಡಂ ದಶಗುಣಂ ಅಂತ ಸುಮ್ನೆ ಹೇಳಿಲ್ಲ,” ಎಂದ. ಅದು ತಮಾಷೆಯಲ್ಲವೆಂದು ನನಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ.

ಕೆಳಗೆ ದೊಡ್ಡಮ್ಮ ಕಾಯುತ್ತಿದ್ದಳು. ತಪ್ಪು ಅವಳದಲ್ಲ, ಬರೀ ಆಕಸ್ಮಿಕ ಎಂದು ಬಿಡಿಸಿ ಹೇಳಿದೆ.

“ಇಲ್ಲಪ್ಪಾ, ಅದನ್ನ ಹಾಕ್ಕೊಂಡಾಗ ನನ್ನ ಕೈ ನಡುಗಲ್ಲ. ಹೋದ ಸಲ ನೀನೇ ನೋಡಿದ್ಯಲ್ಲ. ಕೆಲಸದಿಂದ ಮಾತ್ರ ತೆಗೀಬೇಡಿ, ಆ ಏಪ್ರನ್ನೇ ವರ್ಷವಿಡೀ ಕೊಟ್ಬಿಡಿ ಅಂತ ಅವ್ರಿಗೆ ಹೇಳು.”

ನಾಳೆ ಹೋಗಿ ಅದನ್ನೇ ಹೇಳುತ್ತೇನೆ. ಅವನ ತಲೆಗೆ ಹೋಗುವ ಲೆಕ್ಕ ಅದೊಂದೇ. ಅವನು ಒಪ್ಪಿ ಅವಳ ಕೆಲಸ ಉಳಿದರೆ, ಏಪ್ರನ್ನೇ ಉಳಿಸಿತು ಎಂದು ಇಬ್ಬರೂ ನಂಬುತ್ತಾರೆ. ಹಾಗೆ ನಂಬಿಸಿದವನು ನಾನೇ ಆಗಿ, ಮತ್ತೆ ತಿಂಗಳ ಕೊನೆಗೆ ಒಡೆದ ಲೋಟಗಳನ್ನು ಎಣಿಸಲು ಕೂರುತ್ತೇನೆ.