ಹಡಗಿಲ್ಲದ ಪೆಟ್ಟಿಗೆ

ಮುಂಡಗೋಡ
೧೨ ನವೆಂಬರ್ ೨೦೨೫, ಬುಧವಾರ

ಕಾಳಿ ಮಾಡೆಲ್ ಕ್ಲಬ್ಬಿನ ಮಾನ್ಯ ಕಾರ್ಯದರ್ಶಿ ಶಿವಯೋಗಿಯವರಿಗೆ,

ಬರೀ ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ, "ರೀ" ಎನ್ನುವುದಕ್ಕೆ ಈಗ ಕಾರಣವಿಲ್ಲ. ಬೇರೆಯಾದ ಗಂಡನಿಗೆ ಪತ್ರ ಹೇಗೆ ಶುರುಮಾಡಬೇಕೆಂದು ಬಿ.ಎ. ತರಗತಿಯಲ್ಲೂ ಯಾರೂ ಹೇಳಿಕೊಡಲಿಲ್ಲ. ಅದಕ್ಕೆ ಹೆಸರಿನ ಮುಂದೆ ನಿಮ್ಮ ಹುದ್ದೆಯನ್ನೇ ಇಟ್ಟು ಕರೆದಿದ್ದೇನೆ. ಹೆಂಡತಿಗಿಂತ ಮೊದಲೇ ನಿಮಗೆ ಸಿಕ್ಕಿದ್ದು ಅದು, ಹೆಂಡತಿ ಹೋದಮೇಲೂ ಉಳಿದದ್ದು ಅದು.

ಕಂಡಕ್ಟರ್ ಕೈಯಿಂದ ಪೆಟ್ಟಿಗೆ ಇಸಿದುಕೊಂಡಾಗ ಹಗುರ ಅನ್ನಿಸಿರಬೇಕು. ಅಲುಗಿಸಿಯೂ ನೋಡಿರಬೇಕು. ಮೊದಲಾದರೆ ಒಳಗಿನ ತುಂಡುಗಳು ಕಡಲೆ ಡಬ್ಬಿಯಂತೆ ಸದ್ದು ಮಾಡುತ್ತಿದ್ದವು. ಈಗ ಒಳಗೆ ಈ ಪತ್ರವಿದೆ, ತಳಕ್ಕೆ ಅಂಟಿಸಿದ ಒಂದು ಸಣ್ಣ ಪೊಟ್ಟಣವಿದೆ. ಪೊಟ್ಟಣವನ್ನು ಆಮೇಲೆ ಬಿಚ್ಚಿ. ಮೊದಲು ಕೂತುಕೊಳ್ಳಿ.

ನಿಮ್ಮ ಧ್ವನಿ ಸಂದೇಶವನ್ನು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. "ಹದಿನಾರನೇ ತಾರೀಖು ಐತವಾರ ಹಳೇ ಕ್ಲಬ್ಬಿನ ಹುಡುಗರೆಲ್ಲಾ ಕೂಡಾಕತ್ತೇವಿ. ಉಳವಪ್ಪ ಮಾಸ್ತರಿಗೆ ಸತ್ಕಾರ ಐತಿ. ಟೇಬಲ್ ಮ್ಯಾಲೆ ನನ್ನ ವಿಮಾನ, ಅದರ ಬಾಜೂಕ ನನ್ನ ಹಡಗಿನ ಕಿಟ್, ಸೀಲ್ ಒಡೀಲಾರದ್ದು, ಇಡಾಂವ ಅದೀನಿ. ನಿನ್ನ ಟ್ರಂಕಿನ್ಯಾಗ ಉಳದೈತಿ. ಇದ್ದದ್ದು ಇದ್ದಂಗ ಕಳಸು. ಮತ್ತ ಆ ಚಹಾದ ಸಾಲು ಏನೋ ಇತ್ತಲಾ, ನೆನಪಿದ್ರ ಬರದ್ ಕಳಸು, ಆಮಂತ್ರಣದಾಗ ಹಾಕ್ತೇನಿ." ಆರಾಮ ಇದ್ದೀಯೇನು ಎಂದು ಕೇಳಿರಲಿಲ್ಲ. ಆರಾಮ ಇದ್ದೇನೆ.

ಬಹುಮಾನ ತಂದುಕೊಟ್ಟ ಸಾಲು ಬಹುಮಾನ ಪಡೆದವರಿಗೇ ನೆನಪಿಲ್ಲ. ನನಗಿದೆ: "ಭೋಂಗಾ ಬರೀ ಎಬ್ಬಿಸುತ್ತದೆ, ಈ ಚಹಾ ನನ್ನ ನಡೆಸುತ್ತದೆ." ದಾಂಡೇಲಿಯ ಕಾಗದದ ಮಿಲ್ಲಿನ ಭೋಂಗಾ ಕೂಗುವಾಗ, ಒಲೆಯ ಮುಂದೆ ಕೂತು ಹೊಸೆದದ್ದು. ಆಗ ನನಗೆ ಹದಿಮೂರು ವರ್ಷ.

ಆ ವರ್ಷ ನಮ್ಮ ಕಾಲೊನಿ ಎಷ್ಟು ಚಹಾ ಕುಡಿಯಿತೆಂದು ಕಾಳಿ ನದಿಗೇ ಗೊತ್ತು. ಚಹಾ ಪಾಕೀಟಿನ ಮೇಲಿನ ಮಡಿಕೆ ಕತ್ತರಿಸಿ ಹುಬ್ಬಳ್ಳಿಗೆ ಕಳಿಸಿದರೆ ಪ್ಲಾಸ್ಟಿಕ್ ವಿಮಾನದ ಬಿಡಿ ಭಾಗಗಳು ಟಪಾಲಿನಲ್ಲಿ ಬರುತ್ತಿದ್ದವು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಬೇಕಾದವನು, ನನಗಾಗಿ ಇನ್ನೊಂದು ಕಪ್ಪು ಕುಡಿದು ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದ. ಅವ್ವನ ಬೈಗುಳ ಬೇರೆ: "ಈ ಇಮಾನದ ಸಲುವಾಗಿ ಮನೀ ಮಂದೀಗೆಲ್ಲಾ ಪಿತ್ತ ಹಿಡದೈತಿ."

ಶನಿವಾರ ಮಾಸ್ತರ ಕೋಣೆಯಲ್ಲಿ ಕ್ಲಬ್ಬು. ಬೆಂಚಿನ ಮೇಲೆ ಮಿಲ್ಲಿನ ರದ್ದಿ ಹಾಳೆ ಹಾಸಿ ಎಲ್ಲರೂ ಬಗ್ಗಿ ಕೂತರೆ ಥಿನ್ನರ್ ವಾಸನೆಗೆ ತಲೆ ತಿರುಗುತ್ತಿತ್ತು. ಆ ವಾಸನೆ ಈಗಲೂ ಬಂದರೆ ನನ್ನ ಕಾಲು ನಿಲ್ಲುತ್ತದೆ. ಕಿಟ್ಟಿನ ಅಂಟು ದಾರಿಯಲ್ಲೇ ಒಣಗಿರುತ್ತಿತ್ತು. ಭಾಗಗಳನ್ನು ಬಿಡಿಸಿಕೊಂಡಮೇಲೆ ಉಳಿದ ಪ್ಲಾಸ್ಟಿಕ್ ಚೌಕಟ್ಟನ್ನೇ ಚೂರುಮಾಡಿ ಥಿನ್ನರಿನಲ್ಲಿ ಕರಗಿಸಿ ಅಂಟು ಮಾಡುವುದನ್ನು ಮಾಸ್ತರು ಕಲಿಸಿದರು. ಆ ಅಂಟು ತಾಗಿದರೆ ವಿಮಾನವೂ ಮೆತ್ತಗಾಗುತ್ತಿತ್ತು. ಒತ್ತಿ ಹಿಡಿದರೆ ಬೆರಳಿನ ಗೆರೆಗಳೆಲ್ಲ ಅಚ್ಚು. ಮಾಸ್ತರು ಹೇಳುತ್ತಿದ್ದರು, "ಅವಸರಾ ಮಾಡಿ ಹೆಬ್ಬಟ್ಟು ಒತ್ತಿದಿ ಅಂದ್ರ ಸಹಿ ಮಾಡಿದಂಗ ನೋಡಪಾ. ಸಾಯೂತನಾ ಹೋಗೂದಿಲ್ಲ." ಅದನ್ನು ಅವರು ಹೆಚ್ಚಾಗಿ ಹೇಳುತ್ತಿದ್ದದ್ದು ನಿಮಗೆ. ನೀವು ಒಮ್ಮೆ ಬ್ಲೇಡಿನಿಂದ ಎಡ ಹೆಬ್ಬೆರಳು ಸೀಳಿಕೊಂಡಾಗ ತಮ್ಮ ಧೋತರದ ಅಂಚು ಹರಿದು ಕಟ್ಟಿದವರೂ ಅವರೇ. ಆಮೇಲೆ ನಿಮ್ಮನ್ನು ಕಾರ್ಯದರ್ಶಿ ಮಾಡಿದರು. ಪೆನ್ನು ಹಿಡಿದರೆ ರಕ್ತ ಬರುವುದಿಲ್ಲವಲ್ಲ.

ವರ್ಷದ ಕೊನೆಗೆ ಚಹಾ ಕಂಪನಿಯ ಸ್ಪರ್ಧೆ. ವಿಮಾನ ಕಟ್ಟಬೇಕು, ಚಹಾದ ಮೇಲೆ ಒಂದು ಸಾಲು ಬರೆಯಬೇಕು. ಹುಡುಗರು ಕಟ್ಟಿದ ವಿಮಾನಗಳೆಲ್ಲ ಮೂಗು ಹಗುರಾಗಿ ಬಾಲದ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದವು. ನಾನು, ಅಪ್ಪ ಜೋಯಿಡಾ ಕಡೆಯಿಂದ ತಂದ ಮ್ಯಾಂಗನೀಸ್ ಹರಳನ್ನು ಮೂಗಿನೊಳಗಿಟ್ಟು ಮುಚ್ಚಿದೆ. ನನ್ನದು ಮೂರು ಗಾಲಿಯ ಮೇಲೆ ನಿಂತಿತು. ಹುಬ್ಬಳ್ಳಿಗೆ ಒಯ್ಯುವ ಮೊದಲು ವಿಮಾನಗಳ ಮೇಲೆ ಹೆಸರಿನ ಚೀಟಿ ಅಂಟಿಸಿದವರು ಕಾರ್ಯದರ್ಶಿಗಳು. ನನ್ನದರ ಮೇಲೆ ನಿಮ್ಮ ಹೆಸರು, ನಿಮ್ಮ ಸೊಟ್ಟ ರೆಕ್ಕೆಯದರ ಮೇಲೆ ನನ್ನ ಹೆಸರು. ನನ್ನ ಸಾಲೂ ನಿಮ್ಮ ಹೆಸರಿನಲ್ಲೇ ಹೋಯಿತು, ಬಹುಮಾನ ನಿಮಗೆ ಬಂತು.

ಜಗಳ ತೆಗೆದಾಗ ನೀವು ಅಂದದ್ದು, "ಹುಡಿಗಿ ಹೆಸರು ಹಾಕಿದ್ರ ಅವರು ನಂಬ್ತಿದ್ದಿಲ್ಲ. ಕ್ಲಬ್ಬಿನ ಮಾನಾ ಉಳಿಸೇನಿ." ಅದನ್ನಾದರೂ ನುಂಗಿದೆ. ನುಂಗಲಾಗದ್ದು ಮಾಸ್ತರ ಮಾತು. ಆ ಸೊಟ್ಟ ರೆಕ್ಕೆ ಹಿಡಿದು, ಮೆಲ್ಲಗೆ, ನನಗೆ ನೋವಾಗಬಾರದೆಂದು ಅಂದರು: "ಶಿವಯೋಗಿ ಕೈ ನೋಡಿ ಕಲಿಯವಾ ತಂಗಿ." ನಾನು ನಿಜ ಹೇಳಿದೆ. ಸೋತ ಹುಡುಗಿಯ ಹೊಟ್ಟೆಕಿಚ್ಚು ಎಂದುಕೊಂಡು ಅವರು ನನ್ನ ತಲೆ ಸವರಿದರು.

ಇಂಥವನನ್ನು ಮದುವೆ ಯಾಕಾದಿ ಎಂದು ಅವ್ವ ಈಗಲೂ ಕೇಳುತ್ತಾಳೆ. ಕದಿಯುವುದಕ್ಕಾದರೂ ಒಳ್ಳೆಯದು ಯಾವುದೆಂದು ಗೊತ್ತಿರಬೇಕಲ್ಲ, ಅಷ್ಟು ಗೊತ್ತಿರುವವನು ಎಂದುಕೊಂಡಿದ್ದೆ. ಮದುವೆಯಾದ ವರ್ಷವೇ, ಗಾಜಿನ ಕಪಾಟಿನಲ್ಲಿದ್ದ ವಿಮಾನದ ಮುಂದಿನ ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು ಕೆತ್ತಿಸಿ ಎಂದು ಕೇಳಿದೆ. ನೀವು ನಕ್ಕಿರಿ. "ಲಗ್ನ ಆದಮ್ಯಾಲೆ ನಿಂದು ನಂದು ಅಂತ ಏನೈತಿ?" ಬಹುಮಾನವಾಗಿ ಬಂದ ಹಡಗಿನ ಕಿಟ್ಟನ್ನು ಮಾತ್ರ ಮುಟ್ಟಗೊಡಲಿಲ್ಲ. "ಒಡೀಬ್ಯಾಡ. ಸೀಲ್ ಹೋದ್ರ ಕಿಮ್ಮತ್ತು ಹೋತು." ದಾಂಡೇಲಿಯ ಮಳೆಗೆ ಬೂಸರು ಹಿಡಿಯುತ್ತದೆಂದು ನನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಡಾಂಬರ ಗುಳಿಗೆ ಹಾಕಿ ಇಟ್ಟವರು ನೀವೇ. ಮನೆ ಬಿಟ್ಟಾಗ ನಾನು ಟ್ರಂಕು ತಂದೆ.

ನಿಮ್ಮ ಸಂದೇಶ ಕೇಳಿ ಟ್ರಂಕು ತೆರೆದೆ. ಬ್ಲೇಡು ಕೈಯಲ್ಲಿತ್ತು. ನಿಂದು ನಂದು ಅಂತ ಏನೈತಿ ಎಂಬ ನಿಮ್ಮ ಮಾತು ನೆನಪಿಗೆ ಬಂತು. ಕೊಯ್ದೆ.

ಹೌದು, ಹಡಗು ಕಟ್ಟಿದ್ದೇನೆ. ಪ್ಲಾಸ್ಟಿಕ್ಕು ಹಪ್ಪಳದಂತಾಗಿತ್ತು. ಹಳದಿಗಟ್ಟಿದ್ದ ಬಾವುಟದ ಅಂಟುಚಿತ್ರಗಳನ್ನು ಕಿಟಕಿಗೆ ಸಿಕ್ಕಿಸಿ ಬಿಸಿಲಿಗೆ ಬೆಳ್ಳಗೆ ಮಾಡಿದೆ. ಅಂಟು ಮಾಸ್ತರ ಪದ್ಧತಿಯದೇ. ನನ್ನ ಝೆರಾಕ್ಸ್ ಅಂಗಡಿಯ ಕೌಂಟರಿನ ಮೇಲೆ, ಪಹಣಿ ಪ್ರತಿಗೆ ಬರುವ ಗಿರಾಕಿಗಳ ನಡುವೆ ಕಟ್ಟಿದೆ. ಚಿಗಳ್ಳಿಯಿಂದ ಬಂದ ಒಬ್ಬರು ಕೇಳಿದರು, "ಏನ್ರಿ ಅಕ್ಕಾರ, ಮುಂಡಗೋಡದಾಗ ಸಮುದ್ರ ಎಲ್ಲೈತ್ರಿ?" "ಬರೂದೈತ್ರಿ" ಅಂದೆ.

ಈಗ ಪೊಟ್ಟಣ ಬಿಚ್ಚಿ. ಹಿತ್ತಾಳೆ ತಗಡು, ಎರಡು ಸಣ್ಣ ಮೊಳೆ. ಹಳಿಯಾಳದಲ್ಲಿ ನನ್ನ ಹೆಸರು ಕೆತ್ತಿಸಿದ್ದು. ಭಾನುವಾರ ಮಾಸ್ತರ ಎದುರಿಗೆ, ಹಳೆಯ ಹುಡುಗರೆಲ್ಲರ ಎದುರಿಗೆ, ನಿಮ್ಮ ಕೈಯಿಂದಲೇ ನಿಮ್ಮ ಹೆಸರಿನ ತಗಡು ಕಿತ್ತು ಇದನ್ನು ಹೊಡೆಯಬೇಕು. ಯಾಕೆಂದು ಬಾಯಿಬಿಟ್ಟು ಹೇಳಬೇಕು. ಬೇರೆ ಏನೂ ಬೇಡ. ಆಮಂತ್ರಣಕ್ಕೆ ಸಾಲು ಕೇಳಿದ್ದಿರಲ್ಲ, ಹೊಸದೊಂದು ಕೊಡುತ್ತೇನೆ, ಹೆಸರು ಹಾಕಿಯೇ ಅಚ್ಚು ಮಾಡಿಸಿ:

ಸೀಲು ಒಡೆದರೆ ಸಿಟ್ಟು ಬರಲಿ,
ಸುಳ್ಳು ಒಡೆದರೆ ಬೆವರು ಬರಲಿ.

ಇಂತಿ,
ಮೂರು ಗಾಲಿಯ ಮೇಲೆ ವಿಮಾನ ನಿಲ್ಲಿಸಿದ
ಶೈಲಶ್ರೀ

ತಾ.ಕ.: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಉಳಿಸಿಟ್ಟಿದ್ದೆ. ನಾನು ಕೊಯ್ಯುವ ಮೊದಲೇ ಆ ಪೆಟ್ಟಿಗೆಯನ್ನು ಯಾರೋ ಬಿಚ್ಚಿ, ಹೊಸ ಹಾಳೆ ಸುತ್ತಿ ಮುಚ್ಚಿದ್ದರು. ಒಳಗೆ ಹಡಗಿನ ಒಡಲಿನ ಎರಡು ಹೋಳುಗಳನ್ನು ಸೊಟ್ಟಗೆ ಅಂಟಿಸಿ ಕೈಬಿಟ್ಟಿದ್ದರು. ಮೂತಿಯ ಹತ್ತಿರ ಒಂದು ಹೆಬ್ಬಟ್ಟು ಅಚ್ಚಾಗಿತ್ತು, ಗೆರೆಗಳನ್ನು ಅಡ್ಡ ಸೀಳಿದ ಒಂದು ಕಲೆ ಸಮೇತ. ಉಳಿದದ್ದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದೆ. ಅದನ್ನು ಮುಟ್ಟಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ.

ನಿನ್ನೆ ಮಾಸ್ತರು ಈಗಿರುವ ಕೋಗಿಲಬನಕ್ಕೆ ಹೋಗಿ ಹಡಗನ್ನು ಮಾಸ್ತರ ಕೈಗೆ ಕೊಟ್ಟು ಬಂದೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಬೆರಳಿನಿಂದಲೇ ನೋಡುತ್ತಾರೆ. ಮೂತಿಯ ಹತ್ತಿರ ಬಂದು ಬೆರಳು ನಿಂತಿತು. "ಈ ಹೆಬ್ಬಟ್ಟಿಗೆ ಪಟ್ಟಿ ಕಟ್ಟಿದಾಂವ ನಾನಽ" ಎಂದರು. ಉಳಿದ ಒಡಲನ್ನೆಲ್ಲ ಸವರಿ, "ಉಳದದ್ದು ಯಾರ ಕೈ ತಂಗಿ?" ಎಂದು ಕೇಳಿದರು. ನಾನು ಹೇಳಲಿಲ್ಲ. ಒಮ್ಮೆ ಹೇಳಿ ನೋಡಿದ್ದೇನಲ್ಲ. "ಐತವಾರ ಶಿವಯೋಗಿನಽ ಹೇಳ್ತಾರ್ರಿ" ಅಂದೆ. ಸತ್ಕಾರಕ್ಕೆ ಬರುವಾಗ ಹಡಗನ್ನು ತೊಡೆಯ ಮೇಲಿಟ್ಟುಕೊಂಡೇ ಬರುತ್ತಾರಂತೆ. ಟೇಬಲ್ಲಿನ ಮೇಲೆ ವಿಮಾನದ ಬಾಜೂಕ ಜಾಗ ಬಿಟ್ಟಿಡಿ.